ಚಳಿಗಾಲದಲ್ಲಿ ಉಣ್ಣೆ ಔಷಧಿ ನಿಲ್ಲಿಸಬಹುದೇ?

ಪ್ರಶ್ನೆ: ನಾವು ಬನಶಂಕರಿಯಲ್ಲಿ ನೆಲಮಹಡಿಯ ಮನೆಯಲ್ಲಿದ್ದೇವೆ, ಸುತ್ತ ಸ್ವಲ್ಪ ಕಾಂಪೌಂಡ್ ಜಾಗವಿದೆ. ನಾಲ್ಕು ವರ್ಷದ ನಾಟಿ ನಾಯಿ (18 ಕೆ.ಜಿ.), ಎರಡು ವರ್ಷದ ಬೆಕ್ಕು ಇವೆ. ಮಗಳಿಗೆ ಮೂರು ವರ್ಷ. ಪ್ರತಿವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ನಾಯಿಯ ಕತ್ತಿಗೆ ಉಣ್ಣೆಯ ಡ್ರಾಪ್ಸ್ ಹಾಕಿ, ಮಳೆ ಹಿಡಿದ ಮೇಲೆ ನಿಲ್ಲಿಸುತ್ತೇವೆ. ಈ ಜನವರಿಯಲ್ಲಿ ಅದಕ್ಕೆ ಜ್ವರ ಬಂದು ಊಟ ಬಿಟ್ಟಿತು. ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು, ಎರ್ಲಿಕಿಯಾ, ಅಂದರೆ ಉಣ್ಣೆ ಕಚ್ಚಿ ಹರಡುವ ಉಣ್ಣೆಜ್ವರ ಎಂದರು. ಈಗ ಚೇತರಿಸಿಕೊಂಡಿದೆ. ಇನ್ನು ಮುಂದೆ ಹನ್ನೆರಡು ತಿಂಗಳೂ ಔಷಧಿ ಹಾಕಬೇಕು ಎನ್ನುತ್ತಾರೆ ವೈದ್ಯರು. ಮೈಮೇಲೆ ಒಂದು ಉಣ್ಣೆಯೂ ಇರಲಿಲ್ಲವಲ್ಲ? ಇದು ವ್ಯಾಪಾರವೋ ನಿಜವಾಗಿ ಬೇಕೋ? ವರ್ಷವಿಡೀ ಕೊಟ್ಟರೆ ಲಿವರ್ ಹಾಳಾಗುವುದಿಲ್ಲವೇ? ಪಕ್ಕದ ಮನೆಯವರು ಬೇವಿನ ಎಣ್ಣೆಗೆ ಕರ್ಪೂರ ಸೇರಿಸಿ ಹಚ್ಚಿದರೆ ಸಾಕು ಎನ್ನುತ್ತಾರೆ. ಜಂತುಹುಳುವಿನ ಮಾತ್ರೆ ವರ್ಷಕ್ಕೊಮ್ಮೆ ಕೊಡುತ್ತಿದ್ದೇವೆ, ಸಾಲದೇ? ನಾಯಿಯ ಉಣ್ಣೆಯಿಂದ ಮಗುವಿಗೆ ಮಂಗನ ಕಾಯಿಲೆ ಬರಬಹುದೇ ಎಂಬ ಭಯವೂ ಇದೆ.

ಉತ್ತರ: ಏಳು ತಿಂಗಳು ಮೈಮೇಲೆ ಒಂದೂ ಉಣ್ಣೆ ಕಾಣದಿದ್ದಾಗ ಪ್ರತಿ ತಿಂಗಳು ದುಡ್ಡು ಸುರಿಯಿರಿ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಬೆಂಗಳೂರಿನಲ್ಲಿ ದಿನಕ್ಕೊಮ್ಮೆಯಾದರೂ ಗೇಟು ದಾಟುವ ನಾಯಿಗೆ ಉಣ್ಣೆ ಮತ್ತು ಚಿಗಟದ ಔಷಧಿ ಹನ್ನೆರಡು ತಿಂಗಳೂ ಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅಂಗಡಿಯ ಕಪಾಟಿನಲ್ಲಿರುವುದೆಲ್ಲ ಎಲ್ಲ ಪ್ರಾಣಿಗೂ ಎಲ್ಲ ತಿಂಗಳೂ ಬೇಕು ಎಂದು ಯಾರಾದರೂ ಹೇಳಿದರೆ ಅಲ್ಲಿ ಪ್ರಶ್ನೆ ಕೇಳುವುದು ಸರಿ. ಜಂತುಹುಳುವಿನ ಲೆಕ್ಕ ಬೇರೆ, ಹೃದಯಹುಳುವಿನದು ಬೇರೆ, ಬೆಕ್ಕಿನದಂತೂ ಪೂರ್ತಿ ಬೇರೆ.

ಮೈಮೇಲೆ ಕಾಣಲಿಲ್ಲ ಎಂದರೆ

ನಗರದ ನಾಯಿಗಳನ್ನು ಕಾಡುವುದು ಹೆಚ್ಚಾಗಿ ಕಂದು ನಾಯಿ ಉಣ್ಣೆ, ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್. ಹುಲ್ಲಿನಲ್ಲಿ ಕಾದು ಕೂರುವ ಕಾಡಿನ ಉಣ್ಣೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇದು ಮನೆಯೊಳಗೇ ಸಂಸಾರ ಹೂಡಬಲ್ಲದು. ಮರಿ, ಎಳೆಯ ಉಣ್ಣೆ, ದೊಡ್ಡದು, ಹೀಗೆ ಮೂರೂ ಹಂತದಲ್ಲಿ ನಾಯಿಯನ್ನೇ ಹುಡುಕಿಕೊಂಡು ಬರುತ್ತದೆ. ಪ್ರತಿ ಹಂತದಲ್ಲೂ ಕೆಲವು ದಿನ ರಕ್ತ ಹೀರಿ, ಕೆಳಗೆ ಬಿದ್ದು, ಗೋಡೆಯ ಬಿರುಕು ಸೇರಿ, ಪೊರೆ ಕಳಚಿ ಮತ್ತೆ ಬರುತ್ತದೆ. ಅಂದರೆ ಅದರ ಬದುಕಿನ ಬಹುಪಾಲು ಕಳೆಯುವುದು ನಾಯಿಯ ಮೈಮೇಲಲ್ಲ, ನಿಮ್ಮ ಗೋಡೆಯಲ್ಲಿ. ಉಣ್ಣೆಗೆ ಮೇಲಕ್ಕೆ ಹತ್ತುವ ಚಟವೂ ಇದೆ. ಬಾಗಿಲ ಚೌಕಟ್ಟಿನ ಸಂದು, ವೈರಿಂಗ್ ಪೈಪಿನ ಬಾಯಿ, ಪರದೆಯ ಮಡಿಕೆ, ಮೆಟ್ಟಿಲ ಕೆಳಭಾಗ, ಗೇಟಿನ ಕಂಬದ ಒಡಕು ಅದರ ವಿಳಾಸಗಳು. ತೋಟದ ಹುಲ್ಲು ಕತ್ತರಿಸಿ ನಿಶ್ಚಿಂತೆಯಾಗುವವರು ತಪ್ಪು ಜಾಗದಲ್ಲಿ ಶ್ರಮ ಹಾಕುತ್ತಿರುತ್ತಾರೆ.

ರಕ್ತ ತುಂಬಿದ ಹೆಣ್ಣು ಅವರೆಕಾಳಿನಷ್ಟು ಊದಿಕೊಂಡು ಕೈಗೆ ಸಿಗುತ್ತದೆ, ಆದರೆ ಎಳೆಯದು ರಾಗಿಕಾಳಿನಷ್ಟೇ, ಮರಿಯಂತೂ ಅದಕ್ಕಿಂತಲೂ ಸಣ್ಣದು. ಬೆರಳ ಸಂದು, ಕಿವಿಯ ಒಳಮಡಿಕೆ, ಬಾಲದ ಬುಡ, ಕತ್ತುಪಟ್ಟಿಯ ಕೆಳಗೆ ಬೆಳಕು ಹಿಡಿದು ನೋಡದೆ ‘ಒಂದೂ ಇಲ್ಲ’ ಎಂದು ಹೇಳಲಾಗದು. ರೋಗ ಹರಡಲು ಎಳೆಯ ಉಣ್ಣೆ ಸಾಕು.

ಈಗ ನಿಮ್ಮ ಕ್ಯಾಲೆಂಡರನ್ನು ಅದರ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಒಂದು ಹೆಣ್ಣು ಸುಮಾರು 4000ದವರೆಗೂ ಮೊಟ್ಟೆ ಇಡಬಲ್ಲದು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಮತ್ತೊಂದು ದೊಡ್ಡ ಉಣ್ಣೆಯಾಗಲು ಎರಡರಿಂದ ಮೂರು ತಿಂಗಳು ಸಾಕು. ಜೂನ್ ಕೊನೆಗೆ ನಿಮ್ಮ ಔಷಧಿ ನಿಂತಿತು. ಜುಲೈನಲ್ಲಿ ಹೊರಗಿನಿಂದ ಬಂದ ಒಂದೇ ಒಂದು ಕೂಡಿದ ಹೆಣ್ಣು ರಕ್ತ ಕುಡಿದು ಮೆಟ್ಟಿಲ ಕೆಳಗೆ ಬಿದ್ದರೂ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದರ ಮಕ್ಕಳು ಬೆಳೆದಿರುತ್ತವೆ, ಡಿಸೆಂಬರ್ ಹೊತ್ತಿಗೆ ಮೊಮ್ಮಕ್ಕಳು. ನೀವು ಮಾರ್ಚ್‌ನಲ್ಲಿ ಮತ್ತೆ ಶುರು ಮಾಡುವಾಗ ಎದುರಿಸುವುದು ಈ ಮೂರನೆಯ ತಲೆಮಾರನ್ನು. ಹಾಗಾದರೆ ಆ ನಾಲ್ಕು ತಿಂಗಳ ಔಷಧಿ ಹಳೆಯ ಉಣ್ಣೆಗಳನ್ನು ಮುಗಿಸಿರಲಿಲ್ಲವೇ? ಪೂರ್ತಿ ಇಲ್ಲ. ದೊಡ್ಡ ಉಣ್ಣೆ ಏನೂ ತಿನ್ನದೆ ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಸಂದಿಯಲ್ಲಿ ಕುಳಿತು ನಿಮ್ಮ ಡ್ರಾಪ್ಸ್ ಮುಗಿಯುವುದನ್ನು ಕಾಯುವುದು ಅದಕ್ಕೆ ಕಷ್ಟದ ಕೆಲಸವೇನಲ್ಲ.

ಚಳಿ ಅದನ್ನು ಕೊಲ್ಲುತ್ತದೆ ಎಂಬ ನಂಬಿಕೆ ಹಿಮ ಬೀಳುವ ದೇಶಗಳಿಂದ ಬಂದದ್ದು, ಅಲ್ಲೂ ಅದು ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸಾಮಾನ್ಯ ಜನವರಿಯಲ್ಲಿ ರಾತ್ರಿ 15–16 ಡಿಗ್ರಿ, ಹಗಲು 27ರ ಆಸುಪಾಸು, ಮನೆಯೊಳಗೆ ಇನ್ನೂ ಬೆಚ್ಚಗೆ. ಈ ಹವೆಯಲ್ಲಿ ಉಣ್ಣೆಯ ಬೆಳವಣಿಗೆ ತುಸು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಚಿಗಟಕ್ಕೂ ಅಷ್ಟೇ. ಬೇಸಿಗೆಯಲ್ಲಿ ಕಣ್ಣಿಗೆ ಬೀಳುವ ಸಂಖ್ಯೆ ಹೆಚ್ಚು, ನಿಜ. ಆದರೆ ರೋಗ ಅಂಟಿಸಲು ಸಂಖ್ಯೆ ಬೇಕಿಲ್ಲ.

ಎರ್ಲಿಕಿಯಾ ಸಾಮಾನ್ಯವಾಗಿ ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರವಾಗಿ ಕಾಣಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ನಾಯಿಗೆ ಕಚ್ಚಿದ್ದು ಡಿಸೆಂಬರ್ ಕೊನೆ ಅಥವಾ ಜನವರಿ ಆರಂಭ, ಔಷಧಿಯ ನೆರಳು ಪೂರ್ತಿ ಹೋಗಿದ್ದ ದಿನಗಳಲ್ಲಿ. ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಈ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ದೇಹದಲ್ಲಿದ್ದು ಆಮೇಲೆ ಏಳಬಲ್ಲದು. ಹಾಗಾಗಿ ಹಿಂದಿನ ಮಳೆಗಾಲದ ಕಡಿತವೂ ಕಾರಣವಾಗಿರಬಹುದು. ಎರಡರಲ್ಲಿ ಯಾವುದೇ ಆದರೂ ತೂತು ಇದ್ದದ್ದು ಬಿಟ್ಟ ತಿಂಗಳುಗಳಲ್ಲಿಯೇ. ಒಮ್ಮೆ ಬಂದು ವಾಸಿಯಾದ ನಾಯಿಗೆ ಇನ್ನೊಮ್ಮೆ ಬರುವುದಿಲ್ಲ ಎಂಬ ಭರವಸೆ ಇಲ್ಲ. ಈ ರೋಗಕ್ಕೆ ಬಾಳಿಕೆಯ ಪ್ರತಿರೋಧ ಬೆಳೆಯುವುದಿಲ್ಲ.

ಬೇವು, ಕರ್ಪೂರ, ಬೆಳ್ಳುಳ್ಳಿ, ‘ಉಣ್ಣೆ ಸೂಜಿ’

ಬೇವಿನ ಎಣ್ಣೆ, ಹೊಂಗೆ ಎಣ್ಣೆಗಳಿಗೆ ಉಣ್ಣೆಯನ್ನು ಸ್ವಲ್ಪ ದೂರವಿಡುವ ಗುಣ ಇದೆ. ಅದು ಉಳಿಯುವುದು ವಾಸನೆ ಗಾಢವಾಗಿರುವಷ್ಟು ಹೊತ್ತು. ಮರುದಿನ ನಾಯಿ ಅರ್ಧ ನೆಕ್ಕಿರುತ್ತದೆ, ಉಳಿದದ್ದು ಸೋಫಾಕ್ಕೆ. ರೋಗ ತಡೆಯಲು ಅದನ್ನು ನಂಬಲಾಗದು. ಕರ್ಪೂರದ್ದು ಬೇರೆಯೇ ಮಟ್ಟದ ತೊಂದರೆ. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಎಣ್ಣೆಯಲ್ಲಿ ಕರಗಿಸಿದಾಗ ಇನ್ನೂ ಸುಲಭವಾಗಿ. ನೆಕ್ಕಿದರೆ ನಡುಕ, ಫಿಟ್ಸ್ ಬರಬಹುದು. ಬೆಕ್ಕಿರುವ ಮನೆಯಲ್ಲಿ ಈ ಮಿಶ್ರಣವನ್ನು ತರಲೇಬೇಡಿ, ಬೆಕ್ಕು ನಾಯಿಯ ಮೈಗೆ ಉಜ್ಜಿ ಆಮೇಲೆ ತನ್ನ ಮೈ ನೆಕ್ಕಿಕೊಳ್ಳುತ್ತದೆ. ಊಟದಲ್ಲಿ ಬೆಳ್ಳುಳ್ಳಿ ಹಾಕಿ ರಕ್ತವನ್ನೇ ‘ಖಾರ’ ಮಾಡುವ ಸಲಹೆಯೂ ಓಡಾಡುತ್ತಿದೆ. ಈರುಳ್ಳಿ ಜಾತಿಯದೆಲ್ಲ ನಾಯಿ, ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತದೆ. ಉಣ್ಣೆಜ್ವರದಲ್ಲಿ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಇದು ಎರಡನೆಯ ಹೊಡೆತ. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಹಚ್ಚುವುದನ್ನಂತೂ ಚರ್ಮ ಸುಟ್ಟ ಮೇಲೆ ಮಾತ್ರ ನಮ್ಮ ಬಳಿ ಒಪ್ಪಿಕೊಳ್ಳುತ್ತಾರೆ.

‘ಹಳ್ಳಿಯಲ್ಲಿ ನಾಯಿಗೆ ಏನೂ ಹಾಕುತ್ತಿರಲಿಲ್ಲ’ ಎನ್ನುವ ಮಾತಿಗೆ ಉತ್ತರ ಸರಳ. ಅಲ್ಲಿ ನಾಯಿ ಮನೆಯೊಳಗೆ ಮಲಗುತ್ತಿರಲಿಲ್ಲ, ಅಂಗಳದ ಕೋಳಿಗಳು ಬಿದ್ದ ಉಣ್ಣೆಯನ್ನು ಹೆಕ್ಕುತ್ತಿದ್ದವು, ಊಟ ಬಿಟ್ಟು ಸತ್ತ ನಾಯಿಯ ರಕ್ತ ಪರೀಕ್ಷೆಯನ್ನು ಯಾರೂ ಮಾಡಿಸುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಇಂದಿಗೂ ನಡೆಯುವ ಇನ್ನೊಂದು ಅಭ್ಯಾಸ ಐವರ್ಮೆಕ್ಟಿನ್ ಸೂಜಿ. ದನದ ಔಷಧಿಯ ಬಾಟಲಿಯಿಂದ ಅಂದಾಜಿನಲ್ಲಿ ಎಳೆದು ‘ಉಣ್ಣೆಗೆ ಇಂಜೆಕ್ಷನ್’ ಎಂದು ಹಾಕಿಬಿಡುತ್ತಾರೆ. ಅದು ಕಜ್ಜಿಯ ಹುಳು, ಕೆಲವು ಜಂತುಗಳಿಗೆ ಒಳ್ಳೆಯ ಔಷಧಿ. ಕಂದು ಉಣ್ಣೆಯ ಮೇಲೆ ಅದರ ಪರಿಣಾಮ ನಂಬುವಂಥದ್ದಲ್ಲ, ತಿಂಗಳ ರಕ್ಷಣೆಯಂತೂ ಕೊಡದು. ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಪರ್ಡ್ ತಳಿಗಳಲ್ಲಿ, ಅವುಗಳ ಮಿಶ್ರತಳಿಗಳಲ್ಲಿ ಹಲವಕ್ಕೆ ಒಂದು ಜೀನ್ ದೋಷ ಇರುತ್ತದೆ. ಅಂಥ ನಾಯಿಯಲ್ಲಿ ಈ ಔಷಧಿ ಮೆದುಳಿಗೆ ಇಳಿದು ತೂರಾಟ, ಕುರುಡುತನ, ಕೋಮಾವರೆಗೂ ಹೋಗಬಹುದು.

ಆಯ್ಕೆಗಳು, ಒಂದೊಂದರ ತೊಂದರೆ ಸಮೇತ

ನೀವು ಬಳಸುತ್ತಿದ್ದ ಡ್ರಾಪ್ಸ್ ಬಹುಶಃ ಫಿಪ್ರೊನಿಲ್ ಇರುವಂಥದ್ದು. ಡಬ್ಬಿಯ ಹೆಸರು ನೋಡಬೇಡಿ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ. ಇದು ಚರ್ಮದ ಎಣ್ಣೆಯಂಶದಲ್ಲಿ ಹರಡಿ ಕೆಲಸ ಮಾಡುತ್ತದೆ. ಅದರಿಂದಲೇ ಇದು ಸೋಲುವುದು ಎರಡು ಕಡೆ. ಕೂದಲ ಮೇಲೆ ಸುರಿದರೆ ಚರ್ಮ ಮುಟ್ಟುವುದಿಲ್ಲ. ಭುಜದ ಮೂಳೆಗಳ ನಡುವೆ ಕೂದಲು ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ಟ್ಯೂಬಿನ ಮೂತಿ ಅಲ್ಲಿಗೇ ತಾಗಿಸಿ ಹಿಂಡಬೇಕು. ಎರಡನೆಯದು ಸ್ನಾನ. ಹಾಕುವ 48 ಗಂಟೆ ಮೊದಲು, ಹಾಕಿದ 48 ಗಂಟೆ ಆಮೇಲೆ ಶಾಂಪೂ ಬೇಡ. ಪ್ರತಿ ಭಾನುವಾರ ಶಾಂಪೂ ಹಾಕಿ ಉಜ್ಜುವ ಮನೆಯಲ್ಲಿ ಇದು ಪೂರ್ತಿ ತಿಂಗಳು ಬಾಳುವುದಿಲ್ಲ. ‘ಡ್ರಾಪ್ಸ್ ಕೆಲಸ ಮಾಡಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಜಗಿಯುವ ಮಾತ್ರೆಗಳು ಈಗ ಹೆಚ್ಚು ಬಳಕೆಯಲ್ಲಿವೆ. ಅಫಾಕ್ಸೊಲನರ್, ಸರೋಲನರ್ ತಿಂಗಳಿಗೊಮ್ಮೆ, ಫ್ಲುರಲನರ್ 12 ವಾರಕ್ಕೊಮ್ಮೆ. ಸ್ನಾನಕ್ಕೂ ಮಳೆಗೂ ಇವು ಜಗ್ಗುವುದಿಲ್ಲ. ತೂಕದ ಪಟ್ಟಿಯ ಪ್ರಕಾರವೇ ಕೊಳ್ಳಬೇಕು. ನಿಮ್ಮ 18 ಕೆ.ಜಿ. ನಾಯಿಗೆ ಅಫಾಕ್ಸೊಲನರ್ ಆದರೆ 10ರಿಂದ 25 ಕೆ.ಜಿ.ಯ ಡಬ್ಬಿ, ಫ್ಲುರಲನರ್ ಆದರೆ 10ರಿಂದ 20 ಕೆ.ಜಿ.ಯದು. ದೊಡ್ಡ ನಾಯಿಯ ಮಾತ್ರೆ ತಂದು ಅರ್ಧ ಮಾಡಿ ಕೊಡುವ ಉಳಿತಾಯ ಬೇಡ. ಫ್ಲುರಲನರ್ ಊಟದ ಜೊತೆ ಕೊಟ್ಟರೆ ಹೆಚ್ಚು ಹೀರಿಕೊಳ್ಳುತ್ತದೆ, ಖಾಲಿ ಹೊಟ್ಟೆಗೆ ಕೊಡಬೇಡಿ.

ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಂಡರೆ ಔಷಧಿ ಸೋತಿತು ಎಂದುಕೊಳ್ಳಬೇಡಿ. ಔಷಧಿ ಇರುವುದು ರಕ್ತದಲ್ಲಿ, ಉಣ್ಣೆ ಕಚ್ಚಿದ ಮೇಲೇ ಅದಕ್ಕೆ ವಿಷ ಸಿಗುವುದು. ಒಂದೆರಡು ದಿನದಲ್ಲಿ ಸಾಯುತ್ತದೆ. ಒಣಗಿದ, ಕಾಲು ಮಡಚಿದ ಉಣ್ಣೆ ಸಿಕ್ಕರೆ ಅದು ಒಳ್ಳೆಯ ಲಕ್ಷಣ. ಆದರೆ ಇದರಲ್ಲೇ ಈ ಮಾತ್ರೆಗಳ ಮಿತಿಯೂ ಅಡಗಿದೆ. ಎರ್ಲಿಕಿಯಾ ಕಚ್ಚಿದ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು, ಹಾಗಾಗಿ ಮಾತ್ರೆ ನೂರಕ್ಕೆ ನೂರು ತಡೆ ಅಲ್ಲ. ಕಚ್ಚುವ ಉಣ್ಣೆಗಳ ಸಂಖ್ಯೆ, ಅವು ಮೈಮೇಲಿರುವ ಹೊತ್ತು, ಮನೆಯೊಳಗಿನ ಸಂತಾನ ಮೂರನ್ನೂ ಅದು ಇಳಿಸುತ್ತದೆ. ಮೂರನೆಯದೇ ದೊಡ್ಡ ಲಾಭ: ರಕ್ತ ಕುಡಿದ ಹೆಣ್ಣು ಬದುಕಿ ಗೋಡೆ ಸೇರದಿದ್ದರೆ ಮೊಟ್ಟೆಯೂ ಇಲ್ಲ.

ಕಚ್ಚುವ ಮೊದಲೇ ಓಡಿಸುವುದು ಬೇಕೆಂದರೆ ಫ್ಲುಮೆಥ್ರಿನ್–ಇಮಿಡಾಕ್ಲೋಪ್ರಿಡ್ ಕಾಲರ್. ಸರಿಯಾಗಿ ಕಟ್ಟಿದರೆ ಏಳೆಂಟು ತಿಂಗಳು ಬಾಳುತ್ತದೆ. ಎರಡು ಬೆರಳು ತೂರುವಷ್ಟೇ ಸಡಿಲ ಇರಬೇಕು. ಅಲಂಕಾರದ ಪಟ್ಟಿಯಂತೆ ನೇತಾಡಿಸಿದರೆ ಚರ್ಮಕ್ಕೆ ತಾಗದೆ ದುಡ್ಡು ದಂಡ. ಮೂರು ವರ್ಷದ ಮಗು ನಾಯಿಯ ಕತ್ತು ತಬ್ಬಿ ಮಲಗುವ ಮನೆಗೆ ಕಾಲರ್‌ಗಿಂತ ಮಾತ್ರೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ನಕಲಿ ಕಾಲರ್‌ಗಳ ಹಾವಳಿಯೂ ಇದೆ, ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ.

ಅಮಿಟ್ರಾಜ್ ಔಷಧಿ ಬೆರೆಸಿದ ನೀರಿನಿಂದ ಮೈ ತೋಯಿಸುವುದು ಅಗ್ಗ, ಹಳೆಯ ವಿಧಾನ. 12.5 ಶೇಕಡಾ ದ್ರಾವಣವಾದರೆ ಲೀಟರ್ ನೀರಿಗೆ 2 ಮಿ.ಲೀ. ಮಾತ್ರ, ಸಿರಿಂಜಿನಲ್ಲಿ ಅಳೆದು. ಮುಚ್ಚಳದ ಅಂದಾಜಿನಲ್ಲಿ ಹಾಕಿದಾಗಲೇ ನಾಯಿ ಮಂಕಾಗುವುದು, ಹೃದಯಬಡಿತ ಇಳಿಯುವುದು. ನೆಕ್ಕದಂತೆ ಒಣಗುವವರೆಗೆ ಕಾಯಬೇಕು, ಮಧುಮೇಹದ ನಾಯಿಗೆ ಬೇಡ, ಬೆಕ್ಕಿಗೆ ಬೇಡವೇ ಬೇಡ. ನಿಮ್ಮ ಮನೆಗೆ ನಾನಿದನ್ನು ಹೇಳುವುದಿಲ್ಲ.

ಲಿವರ್ ವಿಷಯ. ಸರಿಯಾದ ತೂಕಕ್ಕೆ ಸರಿಯಾದ ಅಳತೆಯಲ್ಲಿ ಕೊಟ್ಟಾಗ ಈ ಮಾತ್ರೆಗಳು ಆರೋಗ್ಯವಂತ ನಾಯಿಯ ಯಕೃತ್ತನ್ನು ಹಾಳುಮಾಡುತ್ತವೆ ಎಂಬುದಕ್ಕೆ ಆಧಾರ ಇಲ್ಲ. ಉಣ್ಣೆಜ್ವರ ಬಂದ ನಾಯಿಯ ರಕ್ತಪರೀಕ್ಷೆಯಲ್ಲಿ ಲಿವರ್ ಎಣಿಕೆ ಏರಿರುವುದನ್ನು ಕಂಡು ಔಷಧಿಯ ಮೇಲೆ ಗೂಬೆ ಕೂರಿಸುವುದುಂಟು, ಏರಿಸಿದ್ದು ರೋಗ. ನಿಜವಾದ ಅಪಾಯ ಬೇರೆಡೆ ಇದೆ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಾಣಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತ ಎಂದೂ ಅದೇ ಎಚ್ಚರಿಕೆಯಲ್ಲಿ ಹೇಳಿತ್ತು. ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅಂಥ ನಾಯಿಗೆ ಬೇರೆ ಔಷಧಿ ಆರಿಸುತ್ತೇವೆ. ಸಾಮಾನ್ಯವಾಗಿ ಕಾಣುವುದು ಒಂದು ದಿನದ ವಾಂತಿ ಅಥವಾ ಭೇದಿ.

84 ದಿನದ ಲೆಕ್ಕ

ಫ್ಲುರಲನರ್ ಬಳಸುವವರು ಮಾಡುವ ಒಂದು ತಪ್ಪು ಬಹಳ ಸಾಮಾನ್ಯ. ಹನ್ನೆರಡು ವಾರ ಎಂದರೆ 84 ದಿನ, ಅದನ್ನು ‘ಮೂರು ತಿಂಗಳು’ ಎಂದು ನೆನಪಿಟ್ಟುಕೊಳ್ಳುತ್ತಾರೆ. ವರ್ಷಕ್ಕೆ ನಾಲ್ಕು ಮಾತ್ರೆ ಎಂದರೆ 336 ದಿನ. ಉಳಿದ 29 ದಿನ ನಾಲ್ಕು ತುಂಡಾಗಿ, ಪ್ರತಿ ಸಲ ಒಂದು ವಾರದ ಚಿಲ್ಲರೆ ಖಾಲಿ ಬಿಡುತ್ತದೆ. ಹಾಗಾಗಿ ಕೊಟ್ಟ ದಿನವೇ ಫೋನಿನಲ್ಲಿ 80ನೆಯ ದಿನಕ್ಕೆ ಅಲಾರಂ ಇಡಿ, ಅಷ್ಟರಲ್ಲಿ ಮಾತ್ರೆ ತಂದಿಟ್ಟುಕೊಳ್ಳಬಹುದು. ತಿಂಗಳ ಮಾತ್ರೆಯಾದರೆ ಮನೆ ಬಾಡಿಗೆಯದೋ ಇಎಂಐಯದೋ ತಾರೀಖಿಗೆ ಕಟ್ಟಿಹಾಕಿ. ನೆನಪು ತಪ್ಪುವ ಮನೆಗೆ 12 ವಾರದ್ದು ಒಳ್ಳೆಯದು ಅನ್ನಿಸುತ್ತದೆ, ಆದರೆ ಅನುಭವ ಉಲ್ಟಾ ಹೇಳುತ್ತದೆ: ಅಪರೂಪಕ್ಕೆ ಬರುವ ತಾರೀಖೇ ಹೆಚ್ಚು ಮರೆತುಹೋಗುವುದು.

ಖರ್ಚಿನ ಮಾತು ಬಂತು ಎಂದರೆ, ತಿಂಗಳ ಮಾತ್ರೆ ನೂರುಗಳ ಲೆಕ್ಕ. ಪ್ಲೇಟ್‌ಲೆಟ್ ಇಳಿದ ನಾಯಿಯ ಪರೀಕ್ಷೆ, ಡ್ರಿಪ್, 28 ದಿನದ ಡಾಕ್ಸಿಸೈಕ್ಲಿನ್ ಆಂಟಿಬಯಾಟಿಕ್, ಮತ್ತೆ ಪರೀಕ್ಷೆ ಸಾವಿರಗಳ ಲೆಕ್ಕ, ರಕ್ತ ಕೊಡಿಸುವ ಹಂತಕ್ಕೆ ಹೋದರೆ ಅದಕ್ಕೂ ಮೇಲೆ. ಬಿಲ್ಲು ನಿಮ್ಮ ಕೈಯಲ್ಲೇ ಇದೆ, ವ್ಯಾಪಾರವೋ ಅಲ್ಲವೋ ನೀವೇ ಕೂಡಿಸಿ ನೋಡಬಹುದು.

ಗೋಡೆಯನ್ನೂ ನೋಡಿಕೊಳ್ಳಿ

ಮೊದಲ ಮೂರು ತಿಂಗಳು ನಾಯಿಗೆ ಔಷಧಿ ನಡೆಯುತ್ತಿದ್ದರೂ ಸಂದಿಗಳಿಂದ ಉಣ್ಣೆ ಬರುತ್ತಲೇ ಇರುತ್ತದೆ, ಧೈರ್ಯಗೆಡಬೇಡಿ. ಬಾಗಿಲ ಚೌಕಟ್ಟು, ಸ್ಕರ್ಟಿಂಗ್, ಗೇಟಿನ ಕಂಬದ ಬಿರುಕುಗಳಿಗೆ ಬಿಳಿ ಸಿಮೆಂಟ್ ಅಥವಾ ಸಿಲಿಕೋನ್ ತುಂಬಿಸಿ. ನಾಯಿಯ ಹಾಸಿಗೆಯ ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ. ವ್ಯಾಕ್ಯೂಮ್ ಹಾಕಿದರೆ ಚೀಲವನ್ನು ಕಟ್ಟಿ ಹೊರಗೆ ಎಸೆಯಿರಿ, ಒಳಗೇ ಬಿಟ್ಟರೆ ಚಿಗಟದ ಗೂಡು ಅಲ್ಲೇ ಒಡೆಯುತ್ತದೆ. ಚಿಗಟದ ಮನೆಯಲ್ಲಿ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಸಾರದ ಸುಮಾರು 5 ಶೇಕಡಾ ಮಾತ್ರ, ಉಳಿದವು ಮೊಟ್ಟೆ, ಮರಿ, ಗೂಡಾಗಿ ನೆಲದಲ್ಲಿರುತ್ತವೆ. ಕೀಟನಾಶಕ ಸಿಂಪಡಿಸುವವರನ್ನು ಕರೆಸಿದರೆ ಬೆಕ್ಕು, ಮಗು ಪೂರ್ತಿ ಒಣಗುವವರೆಗೆ ಬೇರೆಡೆ ಇರಲಿ. ಮೀನಿನ ತೊಟ್ಟಿ ಇದ್ದರೆ ಆಚೆ ಸಾಗಿಸಿ, ಪೈರೆಥ್ರಾಯ್ಡ್ ಔಷಧಿಯ ತುಂತುರು ಮೀನಿಗೆ ಮಾರಕ. ಎರಡು ಮೂರು ವಾರಕ್ಕೆ ಎರಡನೆಯ ಸುತ್ತು ಬೇಕು, ಮೊಟ್ಟೆಗಳು ಮೊದಲನೆಯದಕ್ಕೆ ಸಾಯುವುದಿಲ್ಲ.

ಗೇಟಿನ ಹೊರಗೆ ಮಲಗುವ ಬೀದಿನಾಯಿಗಳಿಗೆ ನೀವು ಊಟ ಹಾಕುವವರಾದರೆ ಅವಕ್ಕೂ ವೈದ್ಯರಲ್ಲಿ ಕೇಳಿ 12 ವಾರದ ಮಾತ್ರೆಯನ್ನು ಅನ್ನದಲ್ಲಿ ಕೊಡುವುದು ನಿಮ್ಮ ನಾಯಿಗೇ ಲಾಭ. ಅಲ್ಲಿಂದಲೇ ಉಣ್ಣೆ ನಡೆದು ಒಳಗೆ ಬರುವುದು.

ಮೈಮೇಲೆ ಕಂಡ ಉಣ್ಣೆಯನ್ನು ಕೀಳುವಾಗ ಸೂಜಿಮೊನೆಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಊದುಬತ್ತಿ ತಾಗಿಸಬೇಡಿ. ಕಿತ್ತದ್ದನ್ನು ಸ್ಪಿರಿಟ್ ಇರುವ ಸಣ್ಣ ಸೀಸೆಗೆ ಹಾಕಿ. ಸಿಂಕಿಗೆ ಎಸೆದರೆ ಹತ್ತಿ ಬರುತ್ತದೆ.

ಜಂತುಹುಳು, ಮಗು, ಮಂಗನ ಕಾಯಿಲೆ

ಜಂತುಹುಳುವಿನ ಮಾತ್ರೆಗೆ ಉಳಿಕೆಯ ಶಕ್ತಿ ಇಲ್ಲ. ಆ ದಿನ ಹೊಟ್ಟೆಯಲ್ಲಿದ್ದ ಹುಳುಗಳನ್ನು ಕೊಂದು ಅದರ ಕೆಲಸ ಮುಗಿಯಿತು, ಮರುದಿನ ನುಂಗಿದ ಮೊಟ್ಟೆಗೆ ಅದು ಏನೂ ಮಾಡದು. ದುಂಡುಹುಳುವಿನ ಮೊಟ್ಟೆ ನುಂಗಿದ ನಾಲ್ಕೈದು ವಾರದಲ್ಲಿ ಹುಳು ಬೆಳೆದು ಮತ್ತೆ ಮೊಟ್ಟೆ ಇಡಲು ಶುರು ಮಾಡುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಸಾಲದು. ಹೊರಗೆ ತಿರುಗುವ ದೊಡ್ಡ ನಾಯಿಗೆ ಕನಿಷ್ಠ ಮೂರು ತಿಂಗಳಿಗೊಮ್ಮೆ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಇರುವ ಮಾತ್ರೆ 10 ಕೆ.ಜಿ.ಗೆ ಒಂದು ಎಂಬ ಲೆಕ್ಕದಲ್ಲಿ ನಿಮ್ಮ ನಾಯಿಗೆ ಎರಡು. ಮಾತ್ರೆ ಕಡಿಮೆ ಮಾಡಬೇಕೆನಿಸಿದರೆ ಮೂರು ತಿಂಗಳಿಗೊಮ್ಮೆ ತಾಜಾ ಮಲ ಪರೀಕ್ಷೆ ಮಾಡಿಸಿ, ಹುಳು ಇದ್ದಾಗ ಮಾತ್ರ ಕೊಡುವುದೂ ಒಪ್ಪುವ ದಾರಿ. ಒಂದು ಕೊರತೆ: ಚಿಗಟದಿಂದ ಬರುವ ಲಾಡಿಹುಳು ಈ ಪರೀಕ್ಷೆಯಲ್ಲಿ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ. ಬಾಲದ ಕೆಳಗೆ ಅನ್ನದ ಅಗುಳಿನಂಥ ಚೂರು ಅಂಟಿದ್ದರೆ ಅದೇ. ಅದಕ್ಕೆ ಮಾತ್ರೆ ಕೊಟ್ಟು ಚಿಗಟ ಬಿಟ್ಟರೆ ತಿಂಗಳೊಳಗೆ ವಾಪಸ್.

ಮಗುವಿನ ದೃಷ್ಟಿಯಿಂದ ಉಣ್ಣೆಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಕಾಂಪೌಂಡಿನ ಮಣ್ಣು. ದುಂಡುಹುಳುವಿನ ಮೊಟ್ಟೆ ತಾಜಾ ಮಲದಲ್ಲಿ ಸೋಂಕು ಹರಡುವುದಿಲ್ಲ, ಮಣ್ಣಿನಲ್ಲಿ ಪಕ್ವವಾಗಲು ಎರಡು ಮೂರು ವಾರವಾದರೂ ಬೇಕು. ಆಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದೇ ಒಳಗೆ ಹೋಗುತ್ತದೆ, ತೇವದ ಮಣ್ಣಿನಲ್ಲಿ ವಾರದೊಳಗೆ ತಯಾರಾಗುತ್ತದೆ. ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಮಲವನ್ನು ಅದೇ ದಿನ ಎತ್ತಿಬಿಟ್ಟರೆ ಈ ಎರಡೂ ಅಲ್ಲಿಗೇ ತುಂಡಾಗುತ್ತವೆ. ಮಗು ಆಡುವ ಮರಳಿನ ರಾಶಿಗೆ ಟಾರ್ಪಾಲ್ ಮುಚ್ಚಿ, ಬೆಕ್ಕು ಅದನ್ನೇ ಶೌಚಾಲಯ ಮಾಡಿಕೊಳ್ಳುತ್ತದೆ.

ಮಂಗನ ಕಾಯಿಲೆಯ ಭಯ ಬಿಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ಸನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣ್ಣೆ, ನಿಮ್ಮ ಮೆಟ್ಟಿಲ ಕೆಳಗಿನ ಉಣ್ಣೆಯಲ್ಲ. ಆದರೆ ನಾಯಿಯನ್ನು ಕರೆದುಕೊಂಡು ಸಾಗರ, ತೀರ್ಥಹಳ್ಳಿ ಕಡೆಯ ಹೋಂಸ್ಟೇಗೆ ಹೋಗುವುದಿದ್ದರೆ, ಅದರಲ್ಲೂ ಡಿಸೆಂಬರ್‌ನಿಂದ ಮೇವರೆಗೆ, ಕಾಡಿನ ಅಂಚಿಗೆ ಬಿಡಬೇಡಿ, ಕಾರು ಹತ್ತುವ ಮೊದಲು ಮೈ ಹುಡುಕಿ. ಕಂದು ಉಣ್ಣೆ ಮನುಷ್ಯರನ್ನು ಕಚ್ಚುವುದು ಕಡಿಮೆ, ಕಚ್ಚಿದರೆ ಟಿಕ್ ಟೈಫಸ್ ಎಂಬ ಜ್ವರ ಹರಡಬಲ್ಲದು. ಮನೆಯಲ್ಲಿ ಉಣ್ಣೆ ಇದ್ದು ಮಗುವಿಗೆ ಜ್ವರದ ಜೊತೆ ಮೈಮೇಲೆ ಗುಳ್ಳೆ ಬಂದರೆ ಮಕ್ಕಳ ವೈದ್ಯರಿಗೆ ಉಣ್ಣೆಯ ವಿಷಯ ತಪ್ಪದೆ ಹೇಳಿ.

ಹೃದಯಹುಳುವಿನ ತಿಂಗಳ ಔಷಧಿಯನ್ನು ಬೆಂಗಳೂರಿನ ಎಲ್ಲ ನಾಯಿಗೂ ನಾನು ಒತ್ತಾಯಿಸುವುದಿಲ್ಲ. ಭಾರತದಲ್ಲಿ ಅದು ಹೆಚ್ಚು ದಾಖಲಾಗಿರುವುದು ಈಶಾನ್ಯ ರಾಜ್ಯಗಳಲ್ಲಿ. ನಮ್ಮ ಕರಾವಳಿ ಮತ್ತು ಕೇರಳದಲ್ಲಿ ಕಾಣುವುದು ಚರ್ಮದಡಿ ಬೆಳೆಯುವ ಅದರ ದಾಯಾದಿ. ಅಲ್ಲೆಲ್ಲ ಓಡಾಡುವ ನಾಯಿಯಾದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಔಷಧಿ. ರಕ್ತದಲ್ಲಿ ಮರಿಹುಳು ತುಂಬಿರುವಾಗ ಪರೀಕ್ಷಿಸದೆ ಕೊಟ್ಟರೆ ಶಾಕ್ ಆಗಬಹುದು.

ಬೆಕ್ಕಿಗೆ ನಾಯಿಯದನ್ನು ಹಾಕಬೇಡಿ

ಪರ್ಮೆಥ್ರಿನ್ ಇರುವ ನಾಯಿಯ ಡ್ರಾಪ್ಸ್ ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಆ ರಾಸಾಯನಿಕವನ್ನು ಒಡೆಯುವ ಶಕ್ತಿ ಸಾಲದು. ನಾಯಿಗೆ ಹಾಕಿ ಉಳಿದ ನಾಲ್ಕು ಹನಿ ಬೆಕ್ಕಿಗೆ ಎಂಬ ಮಿತವ್ಯಯದಲ್ಲಿ ಪ್ರಾಣ ಹೋದ ಬೆಕ್ಕುಗಳು ಕಡಿಮೆಯಿಲ್ಲ. ಕಿವಿ ಅದುರುವುದು, ಮೈ ನಡುಗುವುದು, ಜೊಲ್ಲು, ಫಿಟ್ಸ್ ಕೆಲವು ಗಂಟೆಯಲ್ಲಿ ಶುರುವಾಗಬಹುದು, ಮೂರು ದಿನದವರೆಗೂ ತಡವಾಗಬಹುದು. ಆಗ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪಿನಿಂದ ತೊಳೆದು (ಬಿಸಿನೀರು ಬೇಡ, ಹೀರಿಕೆ ಹೆಚ್ಚುತ್ತದೆ) ಒರೆಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಈಗಾಗಲೇ ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತ ಕೂರದೆ ನೇರ ಹೊರಡಿ. ನಾಯಿಗೆ ಪರ್ಮೆಥ್ರಿನ್ ಹಾಕಿದ್ದರೂ ಎರಡು ಮೂರು ದಿನ ಬೆಕ್ಕು ಅದರ ಜೊತೆ ಮಲಗದಿರಲಿ, ಈ ಕಾರಣಕ್ಕೇ ನಿಮ್ಮ ಮನೆಗೆ ಆ ಔಷಧಿ ಬೇಡ. ಬೆಕ್ಕಿಗೆ ಬೆಕ್ಕಿನದೇ ಫಿಪ್ರೊನಿಲ್ ಅಥವಾ ಸೆಲಾಮೆಕ್ಟಿನ್ ಡ್ರಾಪ್ಸ್ ತಿಂಗಳಿಗೊಮ್ಮೆ. ಉಣ್ಣೆ ಬೆಕ್ಕಿನಲ್ಲಿ ಅಪರೂಪ, ಚಿಗಟ ಅಲ್ಲ, ನಾಯಿಯ ಚಿಗಟವೂ ಬೆಕ್ಕಿನದೂ ಒಂದೇ ಮನೆಯಲ್ಲಿ ಒಂದೇ ಸಂಸಾರ.

ಈಗ ನಿಮ್ಮ ನಾಯಿಯ ಚಿಕಿತ್ಸೆಗೆ ಮರಳುವುದಾದರೆ, ಡಾಕ್ಸಿಸೈಕ್ಲಿನ್ ಪೂರ್ತಿ 28 ದಿನ ಮುಗಿದಿದೆಯೇ ನೋಡಿ. ಐದನೆಯ ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಿದವರಲ್ಲೇ ಮರುಕಳಿಸುವುದು. ಕೋರ್ಸ್ ಮುಗಿದು ಒಂದು ತಿಂಗಳಿಗೆ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ಪ್ಲೇಟ್‌ಲೆಟ್ ಒಂದೂವರೆ ಎರಡು ಲಕ್ಷದ ಮೇಲೆ ನಿಂತಿರಬೇಕು. ಆಗ ಯಾರಾದರೂ ಆಂಟಿಬಾಡಿ ಸ್ಟ್ರಿಪ್ ಪರೀಕ್ಷೆ ಮಾಡಿ ‘ಇನ್ನೂ ಪಾಸಿಟಿವ್’ ಎಂದರೆ ಗಾಬರಿಯಾಗಬೇಡಿ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಪಾಸಿಟಿವ್ ಉಳಿಯುತ್ತದೆ, ಅದೊಂದನ್ನೇ ನೋಡಿ ಮತ್ತೊಂದು ಕೋರ್ಸ್ ಬೇಡ. ಎಣಿಕೆ ಮತ್ತೆ ಇಳಿದಿದ್ದರೆ ರೋಗಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ, ಜೊತೆಗೆ ಬಬೇಸಿಯಾ ಎಂಬ ಇನ್ನೊಂದು ಉಣ್ಣೆಯ ರೋಗಾಣುವನ್ನೂ ಹುಡುಕಲು ಹೇಳಿ, ಒಂದೇ ಉಣ್ಣೆ ಎರಡನ್ನೂ ತರುವುದುಂಟು. ಉಣ್ಣೆಯ ಮಾತ್ರೆಗೆ ಮಾರ್ಚ್‌ವರೆಗೆ ಕಾಯಬೇಡಿ, ಈ ವಾರವೇ ತೂಕ ಹಾಕಿಸಿ ಶುರು ಮಾಡಿ.